ಒಂದೇ ಅಸೈಕ್ಲೊವಿರ್, ಚೀಟಿಗೊಂದು ಲೆಕ್ಕ: ಜನನಾಂಗದ ಹರ್ಪಿಸ್ ಬಗ್ಗೆ ತಿಳಿದವರು ಹೇಳಿ

ಪ್ರಶ್ನೆ: ಕೌಂಟರಿನಿಂದ, ಕುಮಟಾ

ಔಷಧಿ ಅಂಗಡಿಯಲ್ಲಿ ಕೂತು ಕೇಳುವ ಪ್ರಶ್ನೆ ಇದು. ಜನನಾಂಗದ ಹರ್ಪಿಸ್‌ಗೆ ಬರುವ ಚೀಟಿಗಳಲ್ಲಿ ಅಸೈಕ್ಲೊವಿರ್ ಲೆಕ್ಕ ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದರಲ್ಲಿ 400 ಮಿ.ಗ್ರಾಂ. ದಿನಕ್ಕೆ ಮೂರು ಹೊತ್ತು, ಹತ್ತು ದಿನ. ಇನ್ನೊಂದರಲ್ಲಿ 800 ಮಿ.ಗ್ರಾಂ. ಮೂರು ಹೊತ್ತು, ಎರಡೇ ದಿನ. ಮತ್ತೊಂದರಲ್ಲಿ 400 ಮಿ.ಗ್ರಾಂ. ಎರಡು ಹೊತ್ತು, ಆರು ತಿಂಗಳು. ಕೆಲವದರಲ್ಲಿ 800 ಮಿ.ಗ್ರಾಂ. ದಿನಕ್ಕೆ ಐದು ಸಲ, ಮೇಲೆ ‘ಹರ್ಪಿಸ್’ ಎಂದು ಒಂದೇ ಶಬ್ದ. ಹಳೇ ಚೀಟಿ ಹಿಡಿದು "ಇದನ್ನೇ ಮತ್ತೆ ಕೊಡಿ" ಎನ್ನುವವರೂ ಇದ್ದಾರೆ. ಯಾವ ಲೆಕ್ಕ ಯಾವುದಕ್ಕೆ? ಅದಲುಬದಲಾದರೆ ಏನಾಗುತ್ತದೆ?

ಇನ್ನೂ ಕೆಲವು ಸಂಗತಿ. ಗುಳಿಗೆ ಬೇಡ, ಹಚ್ಚಲಿಕ್ಕೆ ಟ್ಯೂಬ್ ಸಾಕು ಎಂದು ಕೇಳುವವರು ಬಹಳ. ರಕ್ತದ ಪ್ರತಿಕಾಯ ನೋಡಿದ ಲ್ಯಾಬಿನ ಕಾಗದ ತಂದು "ಐಜಿಜಿ ಪಾಸಿಟಿವ್, ಐಜಿಎಂ ಪಾಸಿಟಿವ್ ಅಂತ ಇದೆ, ಇದು ಹೊಸತಾ ಹಳತಾ?" ಎಂದು ಕೇಳುತ್ತಾರೆ. ಮೀನು, ಬದನೆ, ಹಲಸು ನಂಜು, ಬಿಡಬೇಕಾ ಎಂಬುದಂತೂ ಇದ್ದದ್ದೇ. ದುಡ್ಡು ಕೊಟ್ಟು ಹೊರಡುವಾಗ ದನಿ ತಗ್ಗಿಸಿ ಕೇಳುವುದು ಒಂದೇ ಮಾತು: "ಮನೆಯವರಿಗೆ ತಾಗ್ತದಾ?" ಇದಕ್ಕೆಲ್ಲ ಅಂದಾಜಿನ ಉತ್ತರ ಕೊಡಲು ಮನಸ್ಸಿಲ್ಲ. ಈ ವಿಷಯದಲ್ಲೇ ಕೆಲಸ ಮಾಡುವವರು ಬಿಡಿಸಿ ಬರೆದರೆ ಉಪಕಾರ.


ಉತ್ತರ: ಚರ್ಮವೈದ್ಯೆ, ಕಾರವಾರ

ಗುಳಿಗೆ ಒಂದೇ, ಮಾಡಿಸುವ ಕೆಲಸ ಬೇರೆ. ಹಾಗಾಗಿ ಲೆಕ್ಕವೂ ಬೇರೆ.

ಮೊದಲು ಆ ಕೊನೆಯ ಚೀಟಿಯನ್ನು ಬದಿಗಿಡೋಣ. 800 ಮಿ.ಗ್ರಾಂ. ದಿನಕ್ಕೆ ಐದು ಸಲ, ಏಳು ದಿನ, ಒಟ್ಟು 35 ಗುಳಿಗೆ: ಇದು ಸರ್ಪಸುತ್ತಿನ ಲೆಕ್ಕ, ಜನನಾಂಗದ ಹರ್ಪಿಸ್‌ನದ್ದಲ್ಲ. ಎರಡೂ ಒಂದೇ ಕುಟುಂಬದ ವೈರಸ್, ಆದರೆ ಸರ್ಪಸುತ್ತು ತರುವುದು ಸೀತಾಳೆ ಸಿಡುಬಿನ ವೈರಸ್. ಅದಕ್ಕೆ ಈ ಔಷಧಿ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಪ್ರಮಾಣ ಹೆಚ್ಚು ಬೇಕು. ಚೀಟಿಯಲ್ಲಿ ಬರೀ ‘ಹರ್ಪಿಸ್’ ಎಂದಿದ್ದರೆ ಮನೆಯವರು ಸರ್ಪಸುತ್ತು ಎಂದೇ ತಿಳಿದು ಕೆಮ್ಮಣ್ಣು ಹಚ್ಚಲು ಹೊರಡುತ್ತಾರೆ. ಜನನಾಂಗದ ಒಡೆದ ಗುಳ್ಳೆಗೆ ಮಣ್ಣು ಮೆತ್ತಿದರೆ ಬ್ಯಾಕ್ಟೀರಿಯಾ ಸೇರಿ ಕೀವಾಗುತ್ತದೆ. ಸೊಂಟದ ಒಂದೇ ಬದಿಗೆ ಪಟ್ಟಿ ಕಟ್ಟಿದಂತೆ ಗುಳ್ಳೆ ಬಂದಿದ್ದರೆ ಸರ್ಪಸುತ್ತು, ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ. ಜನನಾಂಗ, ಗುದದ್ವಾರ, ಪೃಷ್ಠ, ತೊಡೆಸಂದಿಯಲ್ಲಿ ಅದೇ ಜಾಗಕ್ಕೆ ತಿರುತಿರುಗಿ ಬಂದರೆ ಹರ್ಪಿಸ್ ಸಿಂಪ್ಲೆಕ್ಸ್. ಚೀಟಿ ಸ್ಪಷ್ಟವಿಲ್ಲದಿದ್ದರೆ ಬರೆದ ವೈದ್ಯರಿಗೆ ಫೋನ್ ಮಾಡಿ ಕೇಳಿಯೇ ಕೊಡಿ.

ಈಗ ಉಳಿದ ಮೂರು. ಈ ವೈರಸ್ ಚರ್ಮದ ಸಣ್ಣ ತರಚಿನಲ್ಲಿ ಒಳಹೊಕ್ಕು, ಅಲ್ಲಿನ ನರ ಹಿಡಿದು ಬೆನ್ನುಹುರಿಯ ಬುಡದ ನರಗಂಟಿಗೆ ಹೋಗಿ ಮಲಗುತ್ತದೆ. ಆಗಾಗ ಎದ್ದು ಅದೇ ನರದ ದಾರಿಯಲ್ಲಿ ಚರ್ಮಕ್ಕೆ ಬರುತ್ತದೆ. ಅಸೈಕ್ಲೊವಿರ್ ತಾನಾಗಿ ಏನೂ ಮಾಡುವುದಿಲ್ಲ. ವೈರಸ್ ಸಂಖ್ಯೆ ಬೆಳೆಸಿಕೊಳ್ಳುವಾಗ ತಯಾರಿಸುವ ಒಂದು ಕಿಣ್ವ ಈ ಔಷಧಿಗೆ ಜೀವ ಕೊಡುತ್ತದೆ, ಆಮೇಲೆ ಅದು ವೈರಸ್ಸಿನ ಡಿಎನ್‌ಎ ಬೆಳೆಯದಂತೆ ತಡೆಯುತ್ತದೆ. ಮಲಗಿದ ವೈರಸ್ ಆ ಕಿಣ್ವವನ್ನು ಮಾಡುವುದೇ ಇಲ್ಲ, ಹಾಗಾಗಿ ಗುಳಿಗೆ ಅದನ್ನು ಮುಟ್ಟಲಾರದು. ಬುಡಸಮೇತ ಕಿತ್ತುಹಾಕುವ ಔಷಧಿ ಇನ್ನೂ ಇಲ್ಲ, ಲಸಿಕೆಯೂ ಇಲ್ಲ. ‘ಶಾಶ್ವತ ಪರಿಹಾರ’ ಎಂದು ಬೋರ್ಡು ಹಾಕಿಕೊಂಡವರಿಗೆ ದುಡ್ಡು ಸುರಿಯಬೇಡಿ ಎಂದು ಗಿರಾಕಿಗಳಿಗೆ ದಯವಿಟ್ಟು ಹೇಳಿ.

ಮೊದಲ ಸಲದ್ದು ಜೋರು. ಸೋಂಕು ತಾಗಿ 2ರಿಂದ 12 ದಿನದಲ್ಲಿ ಕಾಣಿಸಬಹುದು: ಜ್ವರ, ಮೈಕೈ ನೋವು, ತೊಡೆಸಂದಿಯಲ್ಲಿ ಮುಟ್ಟಿದರೆ ನೋಯುವ ಗಂಟು, ಎರಡೂ ಬದಿಗೆ ಗೊಂಚಲು ಗೊಂಚಲು ನೀರುಗುಳ್ಳೆ, ಒಡೆದ ಮೇಲೆ ಉರಿಯುವ ಹುಣ್ಣು. ಔಷಧಿ ಇಲ್ಲದಿದ್ದರೆ ಮಾಯಲು ಎರಡು ಮೂರು ವಾರ. ಇದಕ್ಕೆ 400 ಮಿ.ಗ್ರಾಂ. ಮೂರು ಹೊತ್ತು 7ರಿಂದ 10 ದಿನ, ಅಥವಾ ದೇಹದೊಳಗೆ ಹೋಗಿ ಅಸೈಕ್ಲೊವಿರ್ ಆಗುವ ವಲಸೈಕ್ಲೊವಿರ್ 1 ಗ್ರಾಂ ಎರಡು ಹೊತ್ತು ಅಷ್ಟೇ ದಿನ. ಹತ್ತು ದಿನದ ನಂತರವೂ ಪೂರ್ತಿ ಮಾಯದಿದ್ದರೆ ಮುಂದುವರಿಸಬೇಕು. ನಾಲ್ಕೈದು ದಿನ ತಡವಾಯಿತೆಂದು ಬಿಡುವ ಹಾಗಿಲ್ಲ. ಹೊಸ ಗುಳ್ಳೆ ಏಳುತ್ತಿರುವ ತನಕ ಔಷಧಿಗೆ ಕೆಲಸ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ರೋಗ ನೋಡುವ ಸುರಕ್ಷಾ ಕ್ಲಿನಿಕ್‌ನಲ್ಲಿ ಕೊಡುವ ಐದನೇ ನಂಬರಿನ ಕೆಂಪು ಕಿಟ್ ಇದೇ, 400ರ 21 ಗುಳಿಗೆ, ಉಚಿತ.

ಮರುಕಳಿಸುವಾಗಿನ ಲೆಕ್ಕ ಬೇರೆ. ದೇಹದಲ್ಲಿ ಪ್ರತಿಕಾಯ ಆಗಲೇ ಇರುವುದರಿಂದ ಗುಳ್ಳೆ ಕಡಿಮೆ, ಒಂದೇ ಬದಿಗೆ, ವಾರದೊಳಗೆ ಒಣಗುತ್ತದೆ. ವೈರಸ್ ಬೆಳೆಯುವ ಭರಾಟೆ ಮೊದಲ ಒಂದೆರಡು ದಿನ ಮಾತ್ರ. ಆ ಅವಧಿಯಲ್ಲೇ ಔಷಧಿ ದೇಹದ ಒಳಗಿರಬೇಕು: 800 ಮೂರು ಹೊತ್ತು 2 ದಿನ, ಇಲ್ಲವೆ 800 ಎರಡು ಹೊತ್ತು 5 ದಿನ, ಇಲ್ಲವೆ ವಲಸೈಕ್ಲೊವಿರ್ 500 ಎರಡು ಹೊತ್ತು 3 ದಿನ. ಗುಳ್ಳೆ ಏಳುವ ಮೊದಲೇ ಹಲವರಿಗೆ ಸೂಚನೆ ಸಿಗುತ್ತದೆ. ಆ ಜಾಗದಲ್ಲಿ ಜುಮುಜುಮು, ತುರಿಕೆ, ಪೃಷ್ಠದಿಂದ ತೊಡೆಗೆ ಇಳಿಯುವ ಚಳುಕು. ಮೊದಲ ಗುಳಿಗೆ ಆಗಲೇ ನುಂಗಬೇಕು, ಹೆಚ್ಚೆಂದರೆ ಗುಳ್ಳೆ ಕಂಡ ದಿನ. ಮೂರನೇ ದಿನ ಹೊನ್ನಾವರದಿಂದ ಬಸ್ಸು ಹತ್ತಿ ಡಾಕ್ಟರನ್ನು ಕಂಡು ನಾಲ್ಕನೇ ದಿನ ಶುರುಮಾಡಿದರೆ ದುಡ್ಡು ಖರ್ಚಾದದ್ದಷ್ಟೇ, ಅಷ್ಟರಲ್ಲಿ ಹುಣ್ಣು ತಾನೇ ಒಣಗುತ್ತಿರುತ್ತದೆ. ಆದ್ದರಿಂದ ರೋಗ ಖಚಿತವಾದವರಿಗೆ ಮುಂದಿನ ಸಲದ ಗುಳಿಗೆಯನ್ನು ಮೊದಲೇ ಬರೆದು ಮನೆಯಲ್ಲಿ ಇರಿಸಬೇಕು. ವೈದ್ಯರು ಮಾಡಲೇಬೇಕಾದ ಕೆಲಸ ಇದು, ಎಷ್ಟೋ ಕಡೆ ಆಗುವುದಿಲ್ಲ.

ಮೂರನೆಯದು ತಡೆಯುವ ಲೆಕ್ಕ: 400 ಎರಡು ಹೊತ್ತು ದಿನಾಲೂ, ಅಥವಾ ವಲಸೈಕ್ಲೊವಿರ್ 500 ದಿನಕ್ಕೊಂದು. ವರ್ಷಕ್ಕೆ ಹತ್ತು ಸಲ ಬರುವವರಿಗೆ 500 ಸಾಲದು, 1 ಗ್ರಾಂ ಬೇಕು. ವರ್ಷಕ್ಕೆ ಆರಕ್ಕಿಂತ ಹೆಚ್ಚು ಸಲ ಬರುತ್ತಿದ್ದರೆ, ಕಡಿಮೆ ಬಂದರೂ ಮನಸ್ಸು ಅದರಲ್ಲೇ ಸಿಕ್ಕಿಬಿದ್ದಿದ್ದರೆ, ಅಥವಾ ಸಂಗಾತಿಗೆ ಸೋಂಕಿಲ್ಲ ಎಂದು ಗೊತ್ತಿದ್ದರೆ ಇದು ಸರಿ. ಮರುಕಳಿಕೆ ನೂರಕ್ಕೆ 70ರಿಂದ 80ರಷ್ಟು ತಗ್ಗುತ್ತದೆ. ವರ್ಷವಾದ ಮೇಲೆ ನಿಲ್ಲಿಸಿ, ಎರಡು ಸಲ ಮರುಕಳಿಸುವವರೆಗೆ ಕಾದು, ನಡುವಿನ ಅಂತರ ನೋಡಿ ಮತ್ತೆ ಬೇಕೋ ಬೇಡವೋ ನಿರ್ಧರಿಸುತ್ತೇವೆ. ನಿಲ್ಲಿಸುವಾಗ ಹಂತ ಹಂತವಾಗಿ ಇಳಿಸಬೇಕಾಗಿಲ್ಲ.

ಅದಲುಬದಲಾದರೆ ಏನು ಎಂದಿರಲ್ಲ: ಮೊದಲ ಸಲದವರಿಗೆ ಎರಡು ದಿನದ ಚೀಟಿ ಓಡಿಸಿದರೆ ಅರ್ಧಕ್ಕೇ ಬಿಟ್ಟಂತೆ, ಹೊಸ ಗುಳ್ಳೆ ಮತ್ತೆ ಏಳುತ್ತದೆ. ಮರುಕಳಿಸಿದಾಗ ದಿನಾಲೂ ತಡೆಯುವ ಪ್ರಮಾಣವನ್ನಷ್ಟೇ ನುಂಗಿದರೆ ಸಾಲದು. ಸರ್ಪಸುತ್ತಿನ ಲೆಕ್ಕವನ್ನು ಇದಕ್ಕೆ ಕೊಟ್ಟರೆ ಹೆಚ್ಚಿನ ಲಾಭವಿಲ್ಲ, ಮೂತ್ರಪಿಂಡದ ಮೇಲೆ ಸುಮ್ಮನೆ ಭಾರ.

ಟ್ಯೂಬ್ ವಿಷಯ. ಅಸೈಕ್ಲೊವಿರ್ ಮುಲಾಮಿನಿಂದ ಜನನಾಂಗದ ಹರ್ಪಿಸ್‌ಗೆ ಆಗುವ ಉಪಯೋಗ ತೀರಾ ಅಲ್ಪ, ಗುಳಿಗೆಯ ಬದಲಿಗೆ ಖಂಡಿತ ಅಲ್ಲ. ಆದರೆ ಹೆಚ್ಚು ಕೆಡುಕು ಮಾಡುವುದು ತುರಿಕೆಗೆಂದು ಮಾರುವ ಸ್ಟಿರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರದ ಔಷಧಿ ಎಲ್ಲ ಬೆರೆಸಿದ ಟ್ಯೂಬು. ಮಳೆಗಾಲದಲ್ಲಿ ನಮ್ಮ ಕಡೆ ತೊಡೆಸಂದಿಯ ಗಜಕರ್ಣ ಮನೆಮನೆಯಲ್ಲಿ ಇರುವುದರಿಂದ ಗುಳ್ಳೆಯನ್ನೂ ಅದೇ ಎಂದುಕೊಂಡು ಹಚ್ಚುತ್ತಾರೆ. ಸ್ಟಿರಾಯ್ಡ್ ಚರ್ಮದ ಪ್ರತಿರೋಧ ಕುಗ್ಗಿಸಿ ಹರ್ಪಿಸ್ ಹರಡಲು ಬಿಡುತ್ತದೆ, ಗಜಕರ್ಣವನ್ನೂ ಹಟಮಾರಿ ಮಾಡುತ್ತದೆ. ಈ ಟ್ಯೂಬನ್ನು ಕೈಯೆತ್ತಿ ಕೊಡಬೇಡಿ, ಕೈ ಮುಗಿದು ಕೇಳುತ್ತೇನೆ.

ನೋವಿಗೆ: ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದೂವರೆ ಟೀ ಚಮಚ ಉಪ್ಪು, ಅಗಲ ಬೋಗುಣಿಯಲ್ಲಿ ಹತ್ತು ಹದಿನೈದು ನಿಮಿಷ ಕೂರುವುದು, ದಿನಕ್ಕೆ ಎರಡು ಸಲ, ಆಮೇಲೆ ಮೆತ್ತಗಿನ ಬಟ್ಟೆಯಿಂದ ಒತ್ತಿ ಒಣಗಿಸುವುದು. ಮೂತ್ರ ಮಾಡುವಾಗ ಉರಿ ತಡೆಯಲಾಗದಿದ್ದರೆ ಐದು ನಿಮಿಷ ಮೊದಲು ಲಿಗ್ನೊಕೇನ್ 2% ಜೆಲ್ ತೆಳ್ಳಗೆ ಹಚ್ಚಿ, ಮೂತ್ರ ಮಾಡುತ್ತಲೇ ಚೊಂಬಿನಿಂದ ನೀರು ಹನಿಸಬೇಕು. ಉರಿಗೆ ಹೆದರಿ ನೀರು ಕುಡಿಯುವುದನ್ನು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿ ಇನ್ನೂ ಹೆಚ್ಚು. ಪ್ಯಾರಾಸಿಟಮಾಲ್ 650 ಆರು ತಾಸಿಗೊಮ್ಮೆ, ದಿನಕ್ಕೆ ನಾಲ್ಕು ಮೀರದಂತೆ. ಡೆಟಾಲ್, ಸುಣ್ಣ, ನಿಂಬೆರಸ ಯಾವುದೂ ಬೇಡ, ಹಸಿ ಹುಣ್ಣು ಸುಡುತ್ತದೆ. ಸಡಿಲ ಹತ್ತಿ ಬಟ್ಟೆ ಹಾಕಿ. ಆಷಾಢದಲ್ಲಿ ಅರೆ ಒಣಗಿದ ಒಳಉಡುಪು ತೊಡುವುದಕ್ಕಿಂತ ಮನೆಯಲ್ಲಿದ್ದಷ್ಟು ಹೊತ್ತು ಪಂಚೆಯೋ ಲಂಗವೋ ಸಾಕು.

ಪಥ್ಯ ಏನೂ ಇಲ್ಲ. ಮೀನು, ಬದನೆ, ಹಲಸು ತಿಂದರೆ ಈ ವೈರಸ್ ಏಳುವುದಿಲ್ಲ. ಏಳಿಸುವುದು ಜ್ವರ, ನಿದ್ದೆಗೇಡು, ಮುಟ್ಟು, ಆ ಜಾಗದ ತಿಕ್ಕಾಟ, ಮನಸ್ಸಿನ ಒತ್ತಡ. ಕೆಲವೊಮ್ಮೆ ಕಾರಣವೇ ಸಿಗದು. ಉಷ್ಣದ ಗುಳ್ಳೆ ಎಂದು ಎಳನೀರು ಕುಡಿದರೆ ನೀರಂತೂ ಹೊಟ್ಟೆಗೆ ಹೋಯಿತು, ಒಳ್ಳೆಯದೇ, ಆದರೆ ಅಷ್ಟಕ್ಕೇ ನಿಲ್ಲಿಸಿ ಗುಳಿಗೆ ಬಿಡಬಾರದು.


ಉತ್ತರ: ಲ್ಯಾಬ್ ತಂತ್ರಜ್ಞ, ಶಿರಸಿ

ಟೆಸ್ಟ್ ಬಗ್ಗೆ ನಾನು ಹೇಳುತ್ತೇನೆ, ಗೊಂದಲ ಹೆಚ್ಚು ಹುಟ್ಟುವುದೇ ನಮ್ಮ ಕಾಗದದಿಂದ.

ಐಜಿಎಂ ಸಾಲನ್ನು ಓದಲೇಬೇಡಿ. ಹೊಸ ಸೋಂಕಿಗೆ ಐಜಿಎಂ, ಹಳೆಯದಕ್ಕೆ ಐಜಿಜಿ ಎಂಬ ಶಾಲೆಯ ಪಾಠ ಹರ್ಪಿಸ್‌ಗೆ ಹೊಂದುವುದಿಲ್ಲ. ಮರುಕಳಿಸಿದಾಗಲೂ ಐಜಿಎಂ ಏರಬಹುದು, ಏನೂ ಇಲ್ಲದಾಗಲೂ ಸುಳ್ಳು ಪಾಸಿಟಿವ್ ಬರುತ್ತದೆ, ಹರ್ಪಿಸ್ ಸಿಂಪ್ಲೆಕ್ಸ್‌ನ (ಎಚ್‌ಎಸ್‌ವಿ) ಎರಡು ವಿಧಗಳಲ್ಲಿ ಇದು ಒಂದನೆಯದೋ ಎರಡನೆಯದೋ ಎಂದು ಬಿಡಿಸಿಯೂ ಹೇಳುವುದಿಲ್ಲ. ಹೊಸತಾ ಹಳತಾ ಎಂಬ ಪ್ರಶ್ನೆಗೆ ಆ ಕಾಗದದಲ್ಲಿ ಉತ್ತರ ಇಲ್ಲ, ಅದರ ಮೇಲೆ ಗಂಡ ಹೆಂಡತಿ ಜಗಳಕ್ಕೆ ಇಳಿಯಬಾರದು.

‘ಎಚ್‌ಎಸ್‌ವಿ 1 ಮತ್ತು 2 ಐಜಿಜಿ’ ಎಂದು ಎರಡನ್ನೂ ಕೂಡಿಸಿ ಒಂದೇ ಅಂಕಿ ಕೊಟ್ಟಿದ್ದರೆ ಅದರಿಂದಲೂ ಪ್ರಯೋಜನವಿಲ್ಲ. ಒಂದನೇ ವಿಧ ಚಿಕ್ಕಂದಿನಲ್ಲೇ ಮುತ್ತು ಕೊಟ್ಟು, ಎಂಜಲು ತಾಗಿ ಬಂದಿರುತ್ತದೆ. 2020ರ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 50 ವರ್ಷದೊಳಗಿನವರಲ್ಲಿ ನೂರಕ್ಕೆ 64 ಮಂದಿಗೆ ಅದು ಇದೆ. ತುಟಿಯ ಗುಳ್ಳೆಯದ್ದೋ ಜನನಾಂಗದ್ದೋ ಎಂದು ರಕ್ತ ಹೇಳುವುದಿಲ್ಲ. ಬೇಕಾದದ್ದು ವಿಧವಾರು ಬಿಡಿಸಿ ತೋರಿಸುವ ಐಜಿಜಿ, ಅದೂ ಸಂಪರ್ಕವಾಗಿ 12 ವಾರ ಕಳೆದ ಮೇಲೆ. ಅದಕ್ಕಿಂತ ಮೊದಲು ನೆಗೆಟಿವ್ ಬಂದರೆ ಪ್ರತಿಕಾಯ ಇನ್ನೂ ಹುಟ್ಟಿರಲಿಕ್ಕಿಲ್ಲ.

ಎರಡನೇ ವಿಧದ ಐಜಿಜಿಯಲ್ಲಿ ಪಕ್ಕದ ಅಂಕಿ ನೋಡಿ. ಸಾಮಾನ್ಯ ಕಿಟ್‌ಗಳಲ್ಲಿ 1.1 ದಾಟಿದರೆ ಪಾಸಿಟಿವ್ ಎಂದು ಅಚ್ಚಾಗುತ್ತದೆ. 3ಕ್ಕಿಂತ ಕೆಳಗಿನ ಪಾಸಿಟಿವ್‌ಗಳಲ್ಲಿ ಸುಳ್ಳು ಪಾಸಿಟಿವ್ ಬಹಳ, ಮುಖ್ಯವಾಗಿ ಲಕ್ಷಣವೇ ಇಲ್ಲದವರಲ್ಲಿ. ಅಂಥದ್ದನ್ನು ಬೇರೆ ವಿಧಾನದಲ್ಲಿ ಮತ್ತೊಮ್ಮೆ ನೋಡದೆ ಯಾರಿಗೂ ‘ನಿಮಗೆ ಹರ್ಪಿಸ್ ಇದೆ’ ಎನ್ನಬೇಡಿ. ಲಕ್ಷಣ ಇಲ್ಲದವರು ಸುಮ್ಮನೆ ಪ್ಯಾಕೇಜಿನಲ್ಲಿ ಈ ಟೆಸ್ಟ್ ಮಾಡಿಸುವುದೇ ಬೇಡ ಎಂಬುದು ನನ್ನ ಅಭಿಪ್ರಾಯ.

ಖಚಿತ ಉತ್ತರ ಬೇಕಿದ್ದರೆ ಗುಳ್ಳೆಯಿಂದಲೇ ಮಾದರಿ ತೆಗೆದು, ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ಮಾಡಿಸಬೇಕು. ಗುಳ್ಳೆ ಎದ್ದು 48 ತಾಸಿನೊಳಗೆ ಬಂದರೆ ಉತ್ತಮ, ಹಕ್ಕಳೆ ಕಟ್ಟಿದ ಮೇಲೆ ವೈರಸ್ ಸಿಗುವುದು ಕಷ್ಟ. ನೀರುಗುಳ್ಳೆಯನ್ನು ಸ್ಟೆರೈಲ್ ಸೂಜಿಯಿಂದ ಮೆಲ್ಲಗೆ ತೆರೆದು, ತಳವನ್ನು ಸ್ವಾಬಿನಿಂದ ಚೆನ್ನಾಗಿ ತಿಕ್ಕಬೇಕು. ಮೇಲಿನ ನೀರನ್ನಷ್ಟೇ ಒರೆಸಿದರೆ ಜೀವಕೋಶ ಬರುವುದಿಲ್ಲ, ವೈರಸ್ ಇರುವುದು ಆ ಕೋಶಗಳಲ್ಲಿ. ನೋಯುತ್ತದೆ, ಮೊದಲೇ ಹೇಳಿರಬೇಕು. ಸ್ವಾಬ್ ಪಾಲಿಯೆಸ್ಟರಿನದ್ದು, ಪ್ಲಾಸ್ಟಿಕ್ ಕಡ್ಡಿಯದ್ದು. ಮರದ ಕಡ್ಡಿಯ ಹತ್ತಿ ಸ್ವಾಬ್ ಪಿಸಿಆರ್ ಕ್ರಿಯೆಗೆ ಅಡ್ಡಿ ಮಾಡಬಹುದು. ತುದಿಯನ್ನು ವೈರಸ್ ಸಾಗಣೆಯ ದ್ರಾವಣದಲ್ಲಿ ಮುರಿದು ಮುಳುಗಿಸಿ, 2ರಿಂದ 8 ಡಿಗ್ರಿಯಲ್ಲಿ ಐಸ್‌ಪ್ಯಾಕ್ ಸಮೇತ ಕಳಿಸಬೇಕು. ಫಾರ್ಮಲಿನ್‌ನಲ್ಲಿ ಹಾಕಿದರೆ ಕೆಟ್ಟಿತು. ನಮ್ಮಂಥ ಊರುಗಳಿಂದ ಮಾದರಿ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಬೇಕಾದ್ದರಿಂದ ಶನಿವಾರ ಸಂಜೆ ತೆಗೆದು ಡಬ್ಬಿಯಲ್ಲಿಟ್ಟು ಸೋಮವಾರದ ಬಸ್ಸು ಕಾಯುವ ಬದಲು, ಕಳಿಸುವ ವ್ಯವಸ್ಥೆ ವಿಚಾರಿಸಿಯೇ ಮಾದರಿ ತೆಗೆಯಿರಿ. ಫಲಿತಾಂಶಕ್ಕಾಗಿ ಚಿಕಿತ್ಸೆ ಕಾಯಬಾರದು, ಸ್ವಾಬ್ ಆದ ಕೂಡಲೇ ಗುಳಿಗೆ ಶುರು.

ಪಿಸಿಆರ್ ಕೈಗೆಟುಕದಿದ್ದರೆ ಗುಳ್ಳೆಯ ತಳ ಕೆರೆದು ಗೀಮ್ಸಾ ಬಣ್ಣ ಹಾಕಿ ನೋಡುವ ಟ್ಜಾಂಕ್ ಸ್ಮಿಯರ್ ಇದೆ. ಹಲವು ಕೋಶಕೇಂದ್ರ ಒಟ್ಟಾದ ದೊಡ್ಡ ಕೋಶ ಕಂಡರೆ ಹರ್ಪಿಸ್ ಕುಟುಂಬ ಎನ್ನಬಹುದು. ಯಾವ ವಿಧ, ಸರ್ಪಸುತ್ತೋ ಅಲ್ಲವೋ ತಿಳಿಯದು. ಕಾಣದಿದ್ದರೆ ಇಲ್ಲ ಎನ್ನಲೂ ಬರುವುದಿಲ್ಲ.

ವಿಧ ತಿಳಿಯುವುದು ಏಕೆ ಮುಖ್ಯ ಎಂದರೆ, ಜನನಾಂಗದಲ್ಲಿ ಎರಡನೇ ವಿಧವಾದರೆ ಮೊದಲ ವರ್ಷ ಸುಮಾರು ನಾಲ್ಕು ಸಲ ಮರುಕಳಿಸುತ್ತದೆ, ಒಂದನೇ ವಿಧವಾದರೆ ಒಂದು ಸಲ, ಅಥವಾ ಅದೂ ಇಲ್ಲ. ಮುಂದಿನ ಔಷಧಿಯ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಇನ್ನೊಂದು ಮಾತು: ನೋವಿಲ್ಲದ, ಅಂಚು ಗಟ್ಟಿಯಾದ ಒಂಟಿ ಹುಣ್ಣು ಬಂದರೆ ಸಿಫಿಲಿಸ್ ಎಂಬ ಲೈಂಗಿಕ ರೋಗ ನೆನಪಿರಲಿ. ಜನನಾಂಗದ ಯಾವ ಹುಣ್ಣಿಗೂ ಸಿಫಿಲಿಸ್ ಪತ್ತೆಗೆ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ರಕ್ತಪರೀಕ್ಷೆ, ಜೊತೆಗೆ ಎಚ್‌ಐವಿ ಟೆಸ್ಟ್ ಆಗಲೇಬೇಕು.


ಉತ್ತರ: ಆಪ್ತಸಮಾಲೋಚಕಿ, ಅಂಕೋಲಾ

ದನಿ ತಗ್ಗಿಸಿ ಕೇಳುವ ಆ ಪ್ರಶ್ನೆಗೆ ನಿಧಾನವಾಗಿ ಉತ್ತರ ಹೇಳಬೇಕು.

ಮೊದಲು ಒಂದು ಸಂಗತಿ ಮನೆಯವರಿಬ್ಬರಿಗೂ ತಿಳಿಯಲಿ: ಗುಳ್ಳೆ ಈಗ ಕಂಡಿತೆಂದರೆ ಸೋಂಕು ಈಗ ತಾಗಿತು ಎಂದಲ್ಲ. ಎರಡನೇ ವಿಧದ ಸೋಂಕು ಜಗತ್ತಿನಲ್ಲಿ 15ರಿಂದ 49 ವರ್ಷದ ಸುಮಾರು 52 ಕೋಟಿ ಜನರಿಗಿದೆ, ಅವರಲ್ಲಿ ಬಹುಪಾಲು ಜನರಿಗೆ ತಮಗಿದೆ ಎಂದೇ ಗೊತ್ತಿಲ್ಲ. ತಾಗಿ ವರ್ಷಗಟ್ಟಲೆ ಆದ ಮೇಲೆ ಮೊದಲ ಗುಳ್ಳೆ ಏಳಬಹುದು, ಮದುವೆಗೆ ಮೊದಲೇ ತಾಗಿದ್ದು ಹತ್ತು ವರ್ಷದ ಸಂಸಾರದ ನಂತರ ಕಾಣಬಹುದು. ತುಟಿಯಲ್ಲಿ ಗುಳ್ಳೆ ಬರುವ ಗಂಡನಿಂದ ಬಾಯಿಯ ಸಂಪರ್ಕದ ಮೂಲಕ ಹೆಂಡತಿಯ ಜನನಾಂಗಕ್ಕೆ ಒಂದನೇ ವಿಧ ಬರುತ್ತದೆ, ಇಬ್ಬರೂ ದಾರಿ ತಪ್ಪಿರುವುದಿಲ್ಲ. "ಯಾರಿಂದ ಬಂತು ಹೇಳು" ಎಂದು ಎಷ್ಟೋ ಮನೆ ಮುರಿಯುವುದು ಇದು ತಿಳಿಯದೆ.

ತಾಗುತ್ತದೆಯೇ? ತಾಗುತ್ತದೆ, ಗುಳ್ಳೆ ಇಲ್ಲದ ದಿನವೂ. ಎರಡನೇ ವಿಧದಿಂದ ಲಕ್ಷಣ ಬಂದುಹೋಗುವವರನ್ನು ದಿನಾಲೂ ಸ್ವಾಬ್ ಮಾಡಿ ನೋಡಿದಾಗ ಐದು ದಿನಕ್ಕೊಮ್ಮೆಯ ಲೆಕ್ಕದಲ್ಲಿ ಚರ್ಮದ ಮೇಲೆ ವೈರಸ್ ಸಿಕ್ಕಿದೆ, ಲಕ್ಷಣವೇ ಕಾಣದವರಲ್ಲಿ ಹತ್ತು ದಿನಕ್ಕೊಮ್ಮೆ. ಆದರೂ ಪ್ರತಿ ಸಲ ತಾಗುವುದಿಲ್ಲ. ಒಬ್ಬರಿಗೆ ಎರಡನೇ ವಿಧ ಇದ್ದು ಇನ್ನೊಬ್ಬರಿಗೆ ಇಲ್ಲದ 1,484 ಜೋಡಿಗಳ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಕಾಂಡೋಮ್ ಸಲಹೆ ಕೊಟ್ಟಿದ್ದರು. ಎಂಟು ತಿಂಗಳಲ್ಲಿ ಔಷಧಿ ಇಲ್ಲದ ಗುಂಪಿನಲ್ಲಿ ನೂರಕ್ಕೆ 3.6 ಮಂದಿಗೆ ತಾಗಿತು, ಸೋಂಕಿದ್ದವರು ದಿನಾಲೂ ವಲಸೈಕ್ಲೊವಿರ್ 500 ನುಂಗಿದ ಗುಂಪಿನಲ್ಲಿ 1.9. ಅಂದರೆ ಹತ್ತಿರಹತ್ತಿರ ಅರ್ಧ. ಈ ಎರಡು ಅಂಕಿಯನ್ನು ಜೋಡಿಯ ಮುಂದಿಟ್ಟರೆ ಭಯ ಬಹಳ ಇಳಿಯುತ್ತದೆ.

ಮನೆಯಲ್ಲಿ ಪಾಲಿಸುವುದು ಹೀಗೆ. ಜುಮುಜುಮು ಶುರುವಾದ ತಾಸಿನಿಂದ ಹಕ್ಕಳೆ ಉದುರಿ ಹೊಸ ಚರ್ಮ ಬರುವವರೆಗೆ ಯಾವ ಬಗೆಯ ಲೈಂಗಿಕ ಸಂಪರ್ಕವೂ ಬೇಡ, ಕಾಂಡೋಮ್ ಇದ್ದರೂ ಬೇಡ. ಉಳಿದ ದಿನ ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ, ಯಾಕೆಂದರೆ ವೃಷಣಚೀಲ, ಯೋನಿಯ ಹೊರತುಟಿ, ತೊಡೆಸಂದಿ ಅದರಡಿ ಮುಚ್ಚುವುದಿಲ್ಲ. ನಮ್ಮ ಕಡೆ ಆಗುವ ಒಂದು ಎಡವಟ್ಟು ತೆಂಗಿನೆಣ್ಣೆ. ಎಣ್ಣೆ ಯಾವುದೇ ಇರಲಿ ಲೇಟೆಕ್ಸನ್ನು ಸಡಿಲ ಮಾಡಿ ಹರಿಯುವಂತೆ ಮಾಡುತ್ತದೆ. ಜಾರಿಕೆ ಬೇಕಿದ್ದರೆ ನೀರಿನ ಆಧಾರದ ಜೆಲ್ ಕೊಡಿ.

ಒಂದೇ ಬಾವಿ, ಒಂದೇ ಶೌಚಾಲಯ, ಟವೆಲ್, ತಟ್ಟೆ, ಹಾಸಿಗೆ ಇವುಗಳಿಂದ ಹರಡುವುದಿಲ್ಲ. ದೇಹದ ಹೊರಗೆ ಈ ವೈರಸ್ ಬೇಗ ನಿಷ್ಕ್ರಿಯವಾಗುತ್ತದೆ. ಸೊಸೆಗೆ ತಟ್ಟೆ ಬೇರೆ, ಚಾಪೆ ಬೇರೆ ಮಾಡುವುದು ಅನ್ಯಾಯ. ಹುಣ್ಣು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆದರೆ ಸಾಕು, ಕಣ್ಣಿಗೆ ತಾಗಿಸಬಾರದು.

ಸಂಗಾತಿಗೂ ವಿಧವಾರು ಐಜಿಜಿ ಮಾಡಿಸಿ ನೋಡಬಹುದು. ಇಬ್ಬರಿಗೂ ಒಂದೇ ವಿಧ ಇದ್ದರೆ ಒಬ್ಬರಿಂದೊಬ್ಬರಿಗೆ ಮತ್ತೆ ತಾಗುತ್ತದೆಂಬ ಚಿಂತೆ ಬೇಡ. ಎರಡನೇ ವಿಧ ಇದ್ದವರಿಗೆ ಎಚ್‌ಐವಿ ತಾಗುವ ಅಪಾಯ ಮೂರು ಪಟ್ಟಿನಷ್ಟು ಹೆಚ್ಚು, ಆದ್ದರಿಂದ ಸರ್ಕಾರಿ ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಕೇಂದ್ರವಾದ ಐಸಿಟಿಸಿಯಲ್ಲಿ ಟೆಸ್ಟ್ ಮಾಡಿಸಿ, ಮೂರು ತಿಂಗಳ ನಂತರ ಇನ್ನೊಮ್ಮೆ. ಉಚಿತ, ಗುಟ್ಟು ಹೊರಗೆ ಹೋಗುವುದಿಲ್ಲ. ಊರಿನಲ್ಲಿ ಗುರುತಿನವರು ಸಿಗುತ್ತಾರೆಂಬ ಅಂಜಿಕೆ ಇದ್ದರೆ ಬೇರೆ ತಾಲೂಕಿನ ಕೇಂದ್ರಕ್ಕೂ ಹೋಗಬಹುದು. ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಿಕೊಳ್ಳಲೂ ಬರುತ್ತದೆ.

ಮದುವೆ ಗೊತ್ತಾದವರು ಹೇಗೆ ಹೇಳಲಿ ಎಂದು ಕೇಳುತ್ತಾರೆ. ಹೇಳಲೇಬೇಕು, ತಾಳಿ ಬೀಳುವ ಮೊದಲೇ, ಹಿರಿಯರ ಗುಂಪಿನಲ್ಲಲ್ಲ, ಇಬ್ಬರೇ ಇದ್ದಾಗ, ಹಗಲು ಹೊತ್ತಿನಲ್ಲಿ. ಮಾತು ಉದ್ದ ಬೇಡ: "ನನಗೆ ಹರ್ಪಿಸ್ ಎಂಬ ವೈರಸ್ ಇದೆ. ವರ್ಷಕ್ಕೆ ಇಷ್ಟು ಸಲ ಗುಳ್ಳೆ ಬಂದು ಹೋಗುತ್ತದೆ. ಗುಳಿಗೆ ತೆಗೆದುಕೊಂಡರೆ ನಿಮಗೆ ತಾಗುವ ಸಂಭವ ಅರ್ಧಕ್ಕೆ ಇಳಿಯುತ್ತದೆ. ಮಕ್ಕಳಾಗಲು ತೊಂದರೆ ಇಲ್ಲ. ಡಾಕ್ಟರ ಹತ್ತಿರ ಇಬ್ಬರೂ ಹೋಗಿ ಕೇಳೋಣ." ಅತ್ತು ಕ್ಷಮೆ ಕೇಳುತ್ತ ಶುರುಮಾಡಿದರೆ ಎದುರಿನವರು ಇನ್ನೇನೋ ದೊಡ್ಡದು ಇದೆ ಎಂದುಕೊಳ್ಳುತ್ತಾರೆ.


ಉತ್ತರ: ಹೆರಿಗೆ ವಾರ್ಡಿನ ಶುಶ್ರೂಷಕಿ, ಭಟ್ಕಳ

ಮಕ್ಕಳ ಮಾತು ಬಂದದ್ದರಿಂದ ಇಷ್ಟು ಸೇರಿಸುತ್ತೇನೆ. ಬಸುರಿಗೆ ಮೊದಲೇ ಹರ್ಪಿಸ್ ಇದ್ದರೆ ಅವಳ ಪ್ರತಿಕಾಯ ಮಗುವಿಗೂ ಹೋಗಿರುತ್ತದೆ, ಹೆರಿಗೆಯಲ್ಲಿ ಮಗುವಿಗೆ ತಾಗುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಅಪಾಯ ಇರುವುದು ಕೊನೆಯ ಮೂರು ತಿಂಗಳಲ್ಲಿ ಹೊಸದಾಗಿ ತಾಗಿದಾಗ. ಹೆರಿಗೆ ಹತ್ತಿರವಿದ್ದರೆ ಅದು ನೂರಕ್ಕೆ 30ರಿಂದ 50. ಹಾಗಾಗಿ ಗಂಡನಿಗೆ ಇದ್ದು ಬಸುರಿಗೆ ಇಲ್ಲದಿದ್ದರೆ ಆ ಮೂರು ತಿಂಗಳು ಸಂಪರ್ಕ ಬೇಡ, ಗಂಡನಿಗೆ ತುಟಿಗುಳ್ಳೆ ಬರುತ್ತಿದ್ದರೆ ಬಾಯಿಯದ್ದೂ ಬೇಡ.

ಹರ್ಪಿಸ್ ಇರುವ ಬಸುರಿಗೆ 36ನೇ ವಾರದಿಂದ ಹೆರಿಗೆವರೆಗೆ ಅಸೈಕ್ಲೊವಿರ್ 400 ಮೂರು ಹೊತ್ತು. ಗಮನಿಸಿ, ಬೇರೆಯವರಿಗೆ ತಡೆಯಲು ಎರಡು ಹೊತ್ತು, ಬಸುರಿಗೆ ಮೂರು. ರಕ್ತದ ಪ್ರಮಾಣ ಹೆಚ್ಚಿ ಮೂತ್ರಪಿಂಡ ಔಷಧಿಯನ್ನು ಬೇಗ ಹೊರಹಾಕುವುದರಿಂದ ಹೀಗೆ. ಕೌಂಟರಿನಲ್ಲಿ ಇದನ್ನು ತಪ್ಪು ಎಂದು ಕಡಿಮೆ ಮಾಡಬೇಡಿ. ನೋವು ಶುರುವಾದಾಗ ಗುಳ್ಳೆ ಅಥವಾ ಜುಮುಜುಮು ಇದ್ದರೆ ಸಿಸೇರಿಯನ್, ಇಲ್ಲದಿದ್ದರೆ ಸಹಜ ಹೆರಿಗೆಗೆ ಅಡ್ಡಿಯಿಲ್ಲ. ಇದನ್ನು ತಾಯಿ ಕಾರ್ಡಿನಲ್ಲಿ ಬರೆಸಿಡಿ, ರಾತ್ರಿ ಎರಡಕ್ಕೆ ನೋವು ಬಂದಾಗ ಹೇಳುವವರು ಇರುವುದಿಲ್ಲ. ಮೊಲೆಯ ಮೇಲೆ ಗುಳ್ಳೆ ಇಲ್ಲದಿದ್ದರೆ ಹಾಲು ಕೊಡಬಹುದು. ಬಾಣಂತಿಯನ್ನು ನೋಡಲು ಬಂದವರಲ್ಲಿ ತುಟಿಗುಳ್ಳೆ ಇದ್ದವರು ಮಗುವಿಗೆ ಮುತ್ತು ಕೊಡಬಾರದು, ಅಜ್ಜಿಯಾದರೂ ಸರಿ. ಹುಟ್ಟಿದ ಆರು ವಾರದೊಳಗೆ ಮಗು ಹಾಲು ಬಿಟ್ಟರೆ, ಮಂಕಾದರೆ, ಜ್ವರ ಬಂದರೆ, ಮೈ ತಣ್ಣಗಾದರೆ, ಗುಳ್ಳೆ ಎದ್ದರೆ ಅದೇ ತಾಸಿನಲ್ಲಿ ದೊಡ್ಡ ಆಸ್ಪತ್ರೆ. ಅಲ್ಲಿ ರಕ್ತನಾಳದ ಮೂಲಕ ಅಸೈಕ್ಲೊವಿರ್ ಕೊಡುತ್ತಾರೆ.


ಮರುಪ್ರಶ್ನೆ: ಕೌಂಟರಿನಿಂದ, ಕುಮಟಾ

ಎಲ್ಲರಿಗೂ ವಂದನೆ, ಬಹಳ ಬಿಡಿಸಿ ಹೇಳಿದಿರಿ. ಇನ್ನೊಂದು ಉಳಿಯಿತು. ತದಡಿ, ಬೇಲೆಕೇರಿಯಿಂದ ಬೋಟಿಗೆ ಹೋಗುವವರು ದಿನಗಟ್ಟಲೆ ಕಡಲಲ್ಲಿ ಇರುತ್ತಾರೆ. ಮೈಕೈ ನೋವಿಗೆ ಡೈಕ್ಲೊಫೆನಾಕ್ ಒಟ್ಟಿಗೆ ಒಯ್ಯುತ್ತಾರೆ. ಅವರಿಗೆ ಹರ್ಪಿಸ್ ಗುಳಿಗೆ ಕೊಡುವಾಗ ಏನು ಹೇಳಬೇಕು? ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವ ವಯಸ್ಸಾದವರಿಗೆ?


ಉತ್ತರ: ಚರ್ಮವೈದ್ಯೆ, ಕಾರವಾರ

ಬೋಟಿನವರಿಗೆ ಎರಡು ದಿನದ ಲೆಕ್ಕವೇ ಅನುಕೂಲ: 800ರ ಆರು ಗುಳಿಗೆ, ಮೂಲ ಪಟ್ಟಿಯಲ್ಲೇ, ಜಿಪ್ ಚೀಲದಲ್ಲಿ. ಬಿಡಿಸಿ ಡಬ್ಬಿಗೆ ಹಾಕಿದರೆ ಉಪ್ಪುಗಾಳಿಯ ತೇವಕ್ಕೆ ಹಾಳಾಗುತ್ತದೆ, ಎಂಜಿನ್ ಪಕ್ಕದ ಬಿಸಿಯೂ ಬೇಡ. ಪಟ್ಟಿಯ ಮೇಲೆ ಪೆನ್ನಿನಿಂದ ‘ಜುಮುಜುಮು ಶುರುವಾದ ಕೂಡಲೇ 1, ನಂತರ 8 ತಾಸಿಗೊಮ್ಮೆ’ ಎಂದು ಬರೆದುಕೊಡಿ.

ನೀರು ಕಡಿಮೆ ಕುಡಿದು ಬಿಸಿಲಲ್ಲಿ ದುಡಿಯುವವರಲ್ಲಿ ಅಸೈಕ್ಲೊವಿರ್ ಮೂತ್ರಪಿಂಡದ ನಾಳಗಳಲ್ಲಿ ಹರಳುಗಟ್ಟಬಹುದು. ಹೆಚ್ಚಾಗಿ ಆಗುವುದು ಸೂಜಿಮದ್ದಿನ ದೊಡ್ಡ ಪ್ರಮಾಣದಲ್ಲಿ, ಆದರೂ ಗುಳಿಗೆಯ ದಿನಗಳಲ್ಲಿ ಮೂತ್ರ ತಿಳಿಯಾಗಿ ಬರುವಷ್ಟು ನೀರು ಬೇಕು. ಡೈಕ್ಲೊಫೆನಾಕ್ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತದೆ, ಎರಡೂ ಕೂಡಿದರೆ ಕೆಡುಕು. ಆ ದಿನಗಳಿಗೆ ಪ್ಯಾರಾಸಿಟಮಾಲ್ ಕೊಡಿ.

ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡದೆ ಹಳೇ ಚೀಟಿ ಓಡಿಸಬೇಡಿ. ಮೂತ್ರಪಿಂಡ ಕುಂದಿದ್ದರೆ ಔಷಧಿ ರಕ್ತದಲ್ಲಿ ಶೇಖರವಾಗಿ ಮಂಪರು, ಅಸಂಬದ್ಧ ಮಾತು, ಕೈನಡುಕ, ಇಲ್ಲದ್ದು ಕಾಣುವುದು ಶುರುವಾಗುತ್ತದೆ. ಮನೆಯವರು ವಯಸ್ಸಿನ ಮರೆವು ಎಂದುಕೊಳ್ಳುತ್ತಾರೆ. ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ದರೆ ಇಳಿಯುತ್ತದೆ.

ಗುಳಿಗೆ ಕೊಡದೆ ನೇರ ಆಸ್ಪತ್ರೆಗೆ ಕಳಿಸಬೇಕಾದವರು: ಹೊಟ್ಟೆ ಉಬ್ಬಿದರೂ ಮೂತ್ರ ಹೋಗದವರು, ಮೂತ್ರಕೋಶದ ನರಗಳಿಗೇ ಉರಿಯೂತ ತಾಗಿರಬಹುದು, ನಳಿಕೆ ಹಾಕಬೇಕಾಗುತ್ತದೆ. ತಲೆನೋವಿನೊಂದಿಗೆ ಕುತ್ತಿಗೆ ಬಿಗಿದು ಬೆಳಕು ನೋಡಲಾಗದವರು. ಕಣ್ಣು ಕೆಂಪಾಗಿ ನೋಯುವವರು, ಅವರಿಗೆ ಸ್ಟಿರಾಯ್ಡ್ ಕಣ್ಣಿನ ಹನಿ ಯಾವ ಕಾರಣಕ್ಕೂ ಕೊಡಬೇಡಿ. ಎಚ್‌ಐವಿ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದು, ಸರಿಯಾಗಿ ಗುಳಿಗೆ ನುಂಗಿದರೂ ಹತ್ತು ದಿನದಲ್ಲಿ ಹುಣ್ಣು ಇಳಿಯದವರು. ಇವರಲ್ಲಿ ವೈರಸ್ ಔಷಧಿಗೆ ಬಗ್ಗದ ಹಾಗೆ ಬದಲಾಗಿರಬಹುದು. ಆಗ ವಲಸೈಕ್ಲೊವಿರ್‌ಗೆ ಬದಲಾಯಿಸಿದರೂ ನಡೆಯದು, ಅದು ಹೊಟ್ಟೆಯೊಳಗೆ ಅಸೈಕ್ಲೊವಿರ್ ಆಗಿಯೇ ಕೆಲಸ ಮಾಡುವುದು.